ಸದ್ದನ್ನು ನೋಡಲು ಅಪ್ಪನ ಅನುಮತಿ ಕೋರಿ

ಇಂದ:
ಕಿರಿಯ ಮಗಳು,
ಕಿಟಕಿ ಪಕ್ಕದ ಮೇಜು,
ಹೊಲಿಗೆ ಯಂತ್ರ ದುರಸ್ತಿ ಅಂಗಡಿ.

ಗೆ:
ಮಾನ್ಯ ಮೆಕ್ಯಾನಿಕ್ ಹಾಗೂ ಅಪ್ಪನವರು,
ಎದುರಿನ ಬೆಂಚು (ಅಂದಾಜು ಆರು ಅಡಿ ದೂರ),
ಅದೇ ಅಂಗಡಿ.

ವಿಷಯ: ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಡಿದ ಚೌಕದಲ್ಲಿ ತಾವು ‘ನಿರ್ಬಂಧಿಸಿ’ ಎಂಬುದನ್ನು ಒತ್ತಿರುವುದನ್ನು ಮರುಪರಿಶೀಲಿಸಿ, ‘ಅನುಮತಿಸಿ’ ಎಂಬುದನ್ನು ಒತ್ತುವ ಕುರಿತು.

ಉಲ್ಲೇಖ:
1. ತಮ್ಮ ಮೌಖಿಕ ಆದೇಶ: “ಏನಿದ್ರೂ ಬರ್ದು ಕೊಡು.”
2. ಯೂನಿಫಾರ್ಮ್ ಮಾಸ್ಟರ್ ಅವರ ಮೌಖಿಕ ಎಚ್ಚರಿಕೆ, ಕಳೆದ ಗುರುವಾರ.
3. ಅಮ್ಮನ ಮೌನ, ಅಂದಿನಿಂದ.

ಮಾನ್ಯರೇ,
(ಅಪ್ಪಾ,)

ಮೇಲ್ಕಂಡ ವಿಷಯವನ್ನು ಬಾಯಲ್ಲೇ ಹೇಳಿ ಮುಗಿಸಬಹುದಿತ್ತು. ಮೂರು ಸಲ ಹೇಳಿದ್ದೇನೆ. ಮೊದಲ ಸಲ ತಾವು “ಹೂಂ” ಎಂದಿರಿ. ಎರಡನೆಯ ಸಲ “ಆಯ್ತಾಯ್ತು” ಎಂದಿರಿ. ಮೂರನೆಯ ಸಲ “ಬೀರು ಮೇಲಿದೆ ನೋಡು” ಎಂದಿರಿ. ಬೀರುವಿನ ಮೇಲೆ ಹತ್ತಿ ನೋಡಿದೆ. ಒಂದು ಹಳೆಯ ಪೆಡಲ್ ಇತ್ತು. ಕಾರಣ, ಉಲ್ಲೇಖ (1)ರ ಆದೇಶವನ್ನು ಶಿರಸಾವಹಿಸಿ ಈ ಅರ್ಜಿ. ದಯವಿಟ್ಟು ಕನ್ನಡಕ ಹಾಕಿಕೊಂಡು ಓದಬೇಕು. ಕಣ್ಣಿನ ವಿಷಯದಲ್ಲಿ ತಾವು ಯಾವ ನಾಚಿಕೆಯೂ ಇಲ್ಲದೆ ಕನ್ನಡಕ ಹಾಕುತ್ತೀರಿ ಎಂಬುದನ್ನು ಇಲ್ಲಿ ಸುಮ್ಮನೆ ದಾಖಲಿಸುತ್ತಿದ್ದೇನೆ, ಒತ್ತಿ ಹೇಳುತ್ತಿಲ್ಲ.

1. ಕಳೆದ ಒಂದು ವರ್ಷದಿಂದ ಈ ಅಂಗಡಿಯಲ್ಲಿ ಬಾಯಿಮಾತಿನ ದೂರುಗಳನ್ನು ಸ್ವೀಕರಿಸುತ್ತಿಲ್ಲ. ಯಂತ್ರ ತಂದವರು ಅದಕ್ಕೇನಾಗಿದೆ ಎಂದು ಚೀಟಿಯಲ್ಲಿ ಬರೆದು ಬೆಂಚಿನ ಮೂಲೆಯ ಮೊಳೆಗೆ ಚುಚ್ಚಬೇಕು. ಯಾಕೆ ಎಂದವರಿಗೆ ತಾವು “ಶಿಸ್ತು” ಎಂದಿರಿ. ಶಿಸ್ತು ಕ್ರಮೇಣ ಮನೆಗೂ ವಿಸ್ತರಿಸಿತು. ‘ಊಟ ಆರುತ್ತಿದೆ’, ‘ನಲ್ಲಿ ಸೋರುತ್ತಿದೆ’ ಇತ್ಯಾದಿ ಚೀಟಿಗಳನ್ನು ಅಮ್ಮ ಸಲ್ಲಿಸತೊಡಗಿದಳು. ಒಂದು ದಿನ ‘ನನ್ನ ಮೇಲೆ ಕೋಪವೇ?’ ಎಂದು ಬರೆದು ಚುಚ್ಚಿದ್ದಳು. ತಾವು ಅದರ ಕೆಳಗೆ ‘ಇಲ್ಲ’ ಎಂದು ಬರೆದು, ವಿಲೇವಾರಿಯಾದ ಚೀಟಿಗಳ ಡಬ್ಬಿಗೆ ಹಾಕಿದಿರಿ. ಆ ಡಬ್ಬಿಯಿಂದ ಅಮ್ಮ ಅದನ್ನು ತೆಗೆದು ಎಲ್ಲಿ ಇಟ್ಟುಕೊಂಡಿದ್ದಾಳೆ ಎಂಬುದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

ಈ ನಿಯಮದಿಂದ ವಿನಾಯಿತಿ ಪಡೆದವರು ಅತ್ತೆ ಒಬ್ಬರೇ. ಕಳೆದ ತಿಂಗಳು ಅವರು ಬಾಗಿಲಲ್ಲೇ ನಿಂತು, “ಏನೋ, ನಿನ್ನ ಅಂಗಡಿ ಯಾವಾಗಿಂದ ಸರ್ಕಾರಿ ಕಚೇರಿ ಆಯ್ತೋ? ಅಕ್ಕ ಬಂದ್ರೂ ಅರ್ಜಿ ಹಾಕ್ಬೇಕಾ?” ಎಂದಾಗ ತಾವು ತಕ್ಷಣ, “ಬಾರಕ್ಕ, ನಿಂಗ್ಯಾಕೆ ಅರ್ಜಿ” ಎಂದಿರಿ. ಅತ್ತೆಯ ಜೋರು ದನಿಗೆ ಎದುರು ಸಾಲಿನ ಕ್ಷೌರದಂಗಡಿಯವರೂ ತಲೆಯೆತ್ತಿ ನೋಡಿದ್ದರು. ಆಗಲೇ ನನಗೆ ಮೊದಲ ಅನುಮಾನ ಬಂದದ್ದು.

2. ನನ್ನ ಉದ್ಯೋಗದ ಬಗ್ಗೆ ತಾವು ಬಂದವರಿಗೆಲ್ಲ “ಅದೇನೋ ಕಂಪ್ಯೂಟರಲ್ಲಿ ಕೂತು ಸಿನಿಮಾ ನೋಡ್ತಾಳೆ” ಎನ್ನುವುದರಿಂದ, ಸ್ಪಷ್ಟೀಕರಣ: ಬ್ರೌಸರಿನ ಒಂದು ಪುಟದಲ್ಲಿ ಯಾರದೋ ವಿಡಿಯೊ ಓಡುತ್ತದೆ. ಅದರ ಕೆಳಗೇ ನಾನು ಅಲ್ಲಿನ ಮಾತುಗಳನ್ನು ಬರೆಯುತ್ತೇನೆ. ಮಾತಿನ ಜೊತೆಗೆ ಸದ್ದುಗಳನ್ನೂ ಬರೆಯುತ್ತೇನೆ: [ಬಾಗಿಲು ಕಿರುಗುಟ್ಟುತ್ತದೆ], [ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮುತ್ತಾರೆ]. ಕಿವಿ ಕೇಳಿಸದವರಿಗಾಗಿ. ಮುಖ ನೋಡಿರದ ಸಾವಿರಾರು ಜನರಿಗೆ ನಾನು ಮೂರು ವರ್ಷದಿಂದ ಸದ್ದನ್ನು ಬರೆದು ಕೊಡುತ್ತಿದ್ದೇನೆ. ಆರು ಅಡಿ ದೂರದಲ್ಲಿ ಕೂತವರೊಬ್ಬರಿಗೂ ಅದು ಬೇಕಾಗಿದೆ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಇದು ಕರ್ತವ್ಯಲೋಪ. ಒಪ್ಪಿಕೊಂಡಿದ್ದೇನೆ.

3. ಈ ಕೆಳಗಿನ ಪರೀಕ್ಷೆಯನ್ನು ತಮ್ಮ ಪೂರ್ವಾನುಮತಿ ಇಲ್ಲದೆ ನಡೆಸಿದ್ದಕ್ಕೆ ಕ್ಷಮೆ ಇರಲಿ. ಸದ್ದು ಹೊರಡಿಸುವ ವೆಬ್ ಪುಟವೊಂದಿದೆ. ಅದರ ಗುಂಡಿಯನ್ನು ಬಲಕ್ಕೆ ಸರಿಸಿದಂತೆ ಸ್ವರ ತೆಳ್ಳಗಾಗುತ್ತ, ಸಿಳ್ಳೆಯಾಗುತ್ತ, ಕೊನೆಗೆ ಸೂಜಿಯಾಗುತ್ತದೆ. ಒಂದು ಮಧ್ಯಾಹ್ನ ತಾವು ಬಾಬಿನ್ ಕೇಸ್ ಒರೆಸುತ್ತಿದ್ದಾಗ ನಾನು ಆ ಪುಟ ತೆರೆದು ಗುಂಡಿ ಸರಿಸುತ್ತ ಹೋದೆ. ಪರದೆ ಹೊಲಿಯುವ ಮೇಡಂ ತಮ್ಮ ಯಂತ್ರಕ್ಕಾಗಿ ಕಾಯುತ್ತ ಕೂತಿದ್ದರು. ಅರ್ಧ ದಾರಿಯಲ್ಲಿ ಅವರು ಹುಬ್ಬು ಗಂಟಿಕ್ಕಿದರು. ಮುಕ್ಕಾಲು ದಾರಿಯಲ್ಲಿ ಎರಡೂ ಕಿವಿ ಮುಚ್ಚಿಕೊಂಡು, “ಏನಮ್ಮಾ ಅದು, ಹಲ್ಲು ಜುಮ್ಮಂತಿದೆ, ನಿಲ್ಸು!” ಎಂದರು. ಬೀದಿಯ ನಾಯಿಯೊಂದು ಬಂದು ಹೊಸ್ತಿಲ ಬಳಿ ಕತ್ತು ಓರೆ ಮಾಡಿ ನಿಂತಿತು. ತಾವು ಬಾಬಿನ್ ಕೇಸನ್ನು ಬೆಳಕಿಗೆ ಹಿಡಿದು, ತೃಪ್ತಿಯಿಂದ ಏನೋ ಗುನುಗಿಕೊಂಡು, “ನಾಯಿ ಯಾಕೆ ಬಂತು?” ಎಂದು ಕೇಳಿದಿರಿ.

ನಾನು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಇದೂ ದಾಖಲೆಗೆ.

4. ಸ್ಕ್ರೂಡ್ರೈವರ್ ಬಗ್ಗೆ. ಮೊದಲು ತಾವು ಅದರ ತುದಿಯನ್ನು ಓಡುವ ಯಂತ್ರದ ಮೈಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಒಳಗಿನ ಸದ್ದು ಆಲಿಸುತ್ತಿದ್ದಿರಿ. ಈಗ ಕೆಲವು ತಿಂಗಳಿಂದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದೀರಿ. ಹಿಡಿಯ ಮೇಲೆ ಹಲ್ಲಿನ ಗುರುತು ಬಿದ್ದಿರುವುದನ್ನು ಅಮ್ಮ ಇಲಿಯ ಕೆಲಸ ಎಂದುಕೊಂಡು ಬೋನು ಇಟ್ಟಿದ್ದಾಳೆ. ಅವಳು ನಿಜವಾಗಿ ಹಾಗಂದುಕೊಂಡಿದ್ದಾಳೋ, ತಮ್ಮ ಮರ್ಯಾದೆಗಾಗಿ ಬೋನು ಇಟ್ಟಿದ್ದಾಳೋ ನನಗೆ ತಿಳಿಯದು.

5. ಇನ್ನು ಉಲ್ಲೇಖ (2). ಯೂನಿಫಾರ್ಮ್ ಮಾಸ್ಟರ್ ಅವರ ಹೊಲಿಗೆ ಶೆಡ್ಡಿನಲ್ಲಿ ಇಪ್ಪತ್ತೆರಡು ಯಂತ್ರಗಳಿವೆ. ಪ್ರತಿ ತಿಂಗಳ ಮೊದಲ ಸೋಮವಾರ ಎಲ್ಲವನ್ನೂ ಒಟ್ಟಿಗೆ ಓಡಿಸುತ್ತಾರೆ, ತಾವು ಕೈ ಹಿಂದಕ್ಕೆ ಕಟ್ಟಿಕೊಂಡು ನಡುವೆ ನಡೆಯುತ್ತೀರಿ, ಆ ಕೊನೆ ಮುಟ್ಟಿದ ಮೇಲೆ “ಏಳು, ಹದಿನೈದು” ಎನ್ನುತ್ತೀರಿ. ಏಳನ್ನೂ ಹದಿನೈದನ್ನೂ ಬಿಚ್ಚಿದರೆ ಒಳಗೆ ಏನಾದರೂ ಆಗಿರುತ್ತದೆ. ಹತ್ತೊಂಬತ್ತು ವರ್ಷ ಹೀಗೇ ನಡೆದಿದೆ. ಕಳೆದ ತಿಂಗಳು ಏನಾಯಿತೆಂದು ಮಾಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ:

“ನೋಡಮ್ಮ, ನಿಮ್ಮಪ್ಪ ದೊಡ್ಡೋರು, ಅವರ ಎದುರಿಗೆ ನಂಗೆ ಬಾಯಿ ಬರಲ್ಲ. ಹನ್ನೊಂದನೇ ಮಶೀನು ಕಿರುಚ್ಕೊಳ್ತಾ ಇತ್ತು. ಪಕ್ಕದಲ್ಲೇ ನಿಂತು ಅದರ ಬೆನ್ನು ತಟ್ಟಿ ‘ಇದು ಚಿನ್ನ’ ಅಂದ್ರು. ಹುಡುಗೀರೆಲ್ಲ ಬಾಯಿಗೆ ಬಟ್ಟೆ ಇಟ್ಕೊಂಡು ನಕ್ರು. ಮಾರನೇ ದಿನ ಅದರ ಹುಕ್ ಮುರೀತು. ಈ ಸೋಮವಾರ ಬರ್ಲಿ, ಬೇಡ ಅನ್ನಲ್ಲ. ಆದ್ರೆ ಇನ್ನೊಂದ್ಸಲ ಹೀಗಾದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ.”

ಇದನ್ನು ನಾನು ನಿಯಮಾನುಸಾರ ಚೀಟಿಯಲ್ಲಿ ಬರೆದು ಮೊಳೆಗೆ ಚುಚ್ಚಿದೆ. ತಾವು ಓದಿದಿರಿ. ಡಬ್ಬಿಗೆ ಹಾಕಲಿಲ್ಲ, ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡಿರಿ. ಊಟದ ಹೊತ್ತಿಗೆ ಅಮ್ಮನಿಗೆ, “ಸೋಮವಾರ ನಾನು ಹೋಗಲ್ಲ. ಬೆಂಚು ಯಾರಿಗಾದ್ರೂ ಬೇಕಾ ವಿಚಾರ್ಸು” ಎಂದಿರಿ. ಅಮ್ಮ, “ರೀ...” ಎಂದು ಶುರು ಮಾಡಿ ನಿಲ್ಲಿಸಿದಳು. ಅದೇ ಉಲ್ಲೇಖ (3).

6. ಇದಕ್ಕೂ ಮೊದಲೇ, ನಾಯಿ ಬಂದ ದಿನದಿಂದ, ನಾನು ಒಂದು ವೆಬ್ ಪುಟ ಮಾಡತೊಡಗಿದ್ದೆ. ಇಂಥ ಪುಟ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಬ್ರೌಸರಿಗೆ ಈಗ ಹಾಡಲು ಬರುತ್ತದೆ, ಚಿತ್ರ ಬರೆಯಲು ಬರುತ್ತದೆ, ಅನುಮತಿ ಕೊಟ್ಟರೆ ಆಲಿಸಲೂ ಬರುತ್ತದೆ. ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ, ವಿಳಾಸ ಒತ್ತಿದರೆ ಸಾಕು. ನನ್ನ ಪುಟ ಮೈಕಿನಿಂದ ಸದ್ದು ತೆಗೆದುಕೊಂಡು ಆ ಕ್ಷಣವೇ ಅದರ ಚಿತ್ರ ಬಿಡಿಸುತ್ತದೆ. ದಪ್ಪ ಸದ್ದು ಕೆಳಗೆ, ತೆಳು ಸದ್ದು ಮೇಲೆ. ಜೋರಿನದು ಬಿಳಿ, ಮೆಲ್ಲನೆಯದು ನೀಲಿ. ಮೋಟರಿನ ಗುಡುಗು ಕೆಳಗೆ ಹಾಸಿದ ಕಂಬಳಿಯಂತೆ ಕಾಣುತ್ತದೆ. ಸೂಜಿಯ ಪ್ರತಿ ಕುಟುಕಿಗೂ ಒಂದೊಂದು ಕಂಬ ಏಳುತ್ತದೆ. ತಮ್ಮ ಕಿವಿಯಿಂದ ರಜೆ ಹೋಗಿರುವ ಸದ್ದುಗಳೆಲ್ಲ ಪರದೆಯ ಮೇಲಿನ ಅಂಚಿನಲ್ಲಿ ಹಾಜರಿರುತ್ತವೆ.

7. ಮೊದಲ ಪ್ರಯೋಗಕ್ಕೆ ನನ್ನ ಹಳೆಯ ಫೋನನ್ನು ಬೆಂಚಿನ ಮೇಲಿಟ್ಟೆ. ಮರುದಿನ ಪುಟ ತೆರೆದರೆ ಚಿತ್ರವೇ ಇಲ್ಲ. ಬೆಂಚು ಗುದ್ದಿದೆ, ಚಪ್ಪಾಳೆ ತಟ್ಟಿದೆ, ಅತ್ತೆಯನ್ನು ಕರೆಸಿ ಮಾತಾಡಿಸಿದೆ. ಪರದೆ ಕಪ್ಪಗೇ ಇತ್ತು. ತಪ್ಪು ನನ್ನ ಬರವಣಿಗೆಯದೆಂದು ಭಾವಿಸಿ ಒಂಬತ್ತು ದಿನ ಪುಟವನ್ನು ತಿದ್ದಿದೆ. ನಾಲ್ಕು ಸಲ ಬುಡದಿಂದ ಬರೆದೆ. ಹತ್ತನೆಯ ದಿನ ತಾವು ಬಂದು ಫೋನನ್ನು ಕೈಗೆತ್ತಿಕೊಂಡು ನೋಡಿದಿರಿ.

“ಪಾಪ, ಇದಕ್ಕೂ ನನ್ ಹಾಗೇ ಆಗಿದೆ ಅಂತ ಕಾಣುತ್ತೆ,” ಎಂದಿರಿ. ಆಮೇಲೆ ಏನು ಹೇಳಿಬಿಟ್ಟೆ ಎಂದು ಹೊಳೆದು, ಬೇಗ ಬೇಗ, “ಎಣ್ಣೆ ಹಾಕಿದ್ರೂ ಸರಿ ಹೋಗಿಲ್ವಲ್ಲ,” ಎಂದಿರಿ.

“ಎಣ್ಣೆ? ಅಪ್ಪಾ, ಎಲ್ಲಿಗೆ ಎಣ್ಣೆ ಹಾಕ್ದೆ?”

“ಕೆಳಗಡೆ ಸಣ್ಣ ತೂತಿತ್ತಲ್ಲ. ಒಣಗಿತ್ತು. ಒಂದೇ ಒಂದು ತೊಟ್ಟು ಕಣೇ.”

ಹೊಲಿಗೆ ಯಂತ್ರದ ಮೈಮೇಲೆ ಸಣ್ಣ ತೂತು ಕಂಡರೆ ಅದು ಎಣ್ಣೆ ಬಿಡುವ ತೂತೇ. ನಲವತ್ತು ವರ್ಷ ಅದನ್ನೇ ಮಾಡಿದ ಕೈ ಫೋನಿನ ಮೈಕಿಗೂ ಅದೇ ಉಪಚಾರ ಮಾಡಿದೆ. ಈ ಬಗ್ಗೆ ನನ್ನ ದೂರು ಏನೂ ಇಲ್ಲ. ಇಡೀ ಮನೆಯಲ್ಲಿ ಆ ಫೋನಿನ ಆರೋಗ್ಯ ವಿಚಾರಿಸಿದವರು ತಾವೊಬ್ಬರೇ. ಆದರೆ “ನನ್ ಹಾಗೇ” ಎಂದದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ಅದನ್ನು ಹಿಂಪಡೆಯಲು ಅವಕಾಶವಿಲ್ಲ.

8. ಎರಡನೆಯ ಪ್ರಯೋಗ ಮೊನ್ನೆ ಬೆಳಿಗ್ಗೆ, ನನ್ನ ಲ್ಯಾಪ್‌ಟಾಪಿನಲ್ಲಿ. ಅದರ ತೂತುಗಳಿಗೆಲ್ಲ ಮುಂಜಾಗ್ರತೆಯಾಗಿ ‘ಎಣ್ಣೆ ಬೇಡ’ ಎಂದು ಚೀಟಿ ಅಂಟಿಸಿದ್ದೆ. ತಾವು ನನ್ನ ಕುರ್ಚಿಯಲ್ಲಿ ಕೂತಿರಿ. ‘ಈ ಪುಟ ನಿಮ್ಮ ಮೈಕ್ರೊಫೋನ್ ಬಳಸಲು ಬಯಸುತ್ತದೆ’ ಎಂದು ಚೌಕ ಬಂತು. ತಮಗೆ ಅದು ಹಿಡಿಸಿತು. “ನೋಡು, ಎಷ್ಟು ವಿನಯ! ಮನೇಲಿ ಯಾರಾದ್ರೂ ಹೀಗೆ ಕೇಳ್ತೀರಾ?” ಎಂದಿರಿ. ಬೆರಳು ‘ಅನುಮತಿಸಿ’ ಕಡೆಗೇ ಹೋಗುತ್ತಿತ್ತು. ಅಷ್ಟರಲ್ಲಿ ಪರದೆ ಮೇಡಂ ಒಳಗೆ ಬಂದು, ಬಗ್ಗಿ ನೋಡಿ, “ಇದ್ಯಾತಕ್ಕೆ ಮೆಕ್ಯಾನಿಕ್ಕೇ, ನಿಮಗೆ ಕಿವಿ ಇಲ್ವಾ?” ಎಂದು ನಕ್ಕರು. ತಮಾಷೆಗೆ ಅಂದದ್ದು. ತಾವು ಅವರ ತುಟಿ ನೋಡಿದಿರಿ, ಪರದೆ ನೋಡಿದಿರಿ, ‘ನಿರ್ಬಂಧಿಸಿ’ ಒತ್ತಿದಿರಿ. “ನಂಗ್ಯಾಕೆ ಇದೆಲ್ಲ,” ಎಂದು ಎದ್ದು ಬೆಂಚಿಗೆ ಹೋದಿರಿ.

9. ಬ್ರೌಸರಿಗೆ ಒಂದು ಗುಣವಿದೆ. ಒಮ್ಮೆ ಬೇಡ ಎಂದರೆ ಅದು ನೆನಪಿಟ್ಟುಕೊಳ್ಳುತ್ತದೆ. ಆ ಪುಟಕ್ಕೆ ಮತ್ತೆ ಚೌಕ ಬರುವುದಿಲ್ಲ. ವಿಳಾಸದ ಪಕ್ಕದ ಗುರುತು ಒತ್ತಿ ಆ ನೆನಪನ್ನು ಅಳಿಸುವುದು ನನಗೆ ಎರಡು ಸೆಕೆಂಡಿನ ಕೆಲಸ. ಮೊನ್ನೆಯಿಂದ ಅಳಿಸಿಲ್ಲ. ಬೇಡ ಎಂದವರು ತಾವು. ಅದನ್ನು ತಾವು ಎದುರು ಬೆಂಚಿನಲ್ಲಿ ಕೂತಿರುವಾಗಲೇ, ತಮಗೆ ಕೇಳಿಸದ ಹಾಗೆ, ಒಂದು ಕ್ಲಿಕ್ಕಿನಲ್ಲಿ ಬೇಕು ಎಂದು ಬದಲಾಯಿಸುವುದು ನನ್ನಿಂದ ಆಗಲಿಲ್ಲ.

10. ಆದರೆ ನಿನ್ನೆ ನಡೆದದ್ದನ್ನು ಪರಿಗಣಿಸಬೇಕು. ಮೊದಲೇ ಚಿತ್ರೀಕರಿಸಿದ ವಿಡಿಯೊ ತೆರೆಯಲು ನನ್ನ ಪುಟಕ್ಕೆ ಯಾರ ಅನುಮತಿಯೂ ಬೇಡ. ನಾಲ್ಕು ವರ್ಷದ ಹಿಂದೆ ತಾವು ಒಂದು ಯಂತ್ರ ರಿಪೇರಿ ಮಾಡುತ್ತಿದ್ದಾಗ ನಾನು ತೆಗೆದ ವಿಡಿಯೊ ಒಂದಿತ್ತು. ಅದನ್ನು ಪುಟದಲ್ಲಿ ಓಡಿಸಿ ಸದ್ದಿನ ಚಿತ್ರ ನೋಡುತ್ತಿದ್ದೆ. ಸದ್ದು ನನ್ನ ಇಯರ್‌ಫೋನಿನಲ್ಲಿತ್ತು; ಹೊರಗೆ ಏನೂ ಇರಲಿಲ್ಲ. ತಾವು ಚಹಾದ ಲೋಟ ಹಿಡಿದು ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಭುಜದ ಮೇಲಿಂದ ಎಣ್ಣೆ ಬೆರಳೊಂದು ಬಂದು ಪರದೆಯ ಮೇಲೆ ಕೂತಿತು.

“ಇಲ್ಲಿ ನೋಡು, ಈ ಕಂಬ ಸೊಟ್ಟ. ಬೆಲ್ಟು ಜಾರ್ತಿದೆ,” ಎಂದಿರಿ.

ವಿಡಿಯೊ ಓಡುತ್ತಿತ್ತು. ನಾಲ್ಕೈದು ಸೆಕೆಂಡ್ ಆದ ಮೇಲೆ ನನ್ನ ಕಿವಿಯೊಳಗೆ, ನಾಲ್ಕು ವರ್ಷ ಚಿಕ್ಕವರಾದ ತಾವು, ಯಂತ್ರದ ಮೇಲೆ ಬಗ್ಗಿಕೊಂಡು, “ಬೆಲ್ಟು ಜಾರ್ತಿದೆ,” ಎಂದಿರಿ.

ಅಂದು ಕಿವಿಯಿಂದ ಹೇಳಿದ್ದನ್ನು ನಿನ್ನೆ ಕಣ್ಣಿನಿಂದ ಹೇಳಿದಿರಿ. ಅದೂ ಆ ಹಳೆಯ ನಿಮಗಿಂತ ಮೊದಲೇ. ನಾನು ತಿರುಗಿ ನೋಡುವಷ್ಟರಲ್ಲಿ ತಾವು ಬೆಂಚಿಗೆ ವಾಪಸಾಗಿ, ಏನೂ ಆಗಿಲ್ಲವೆಂಬಂತೆ ಚಹಾ ಊದುತ್ತಿದ್ದಿರಿ. ಬೆರಳಚ್ಚು ಪರದೆಯ ಮೇಲೆ ಈಗಲೂ ಇದೆ. ಅಮ್ಮ ಒರೆಸಲು ಬಂದಳು, ಬಿಡಲಿಲ್ಲ.

11. ಕೊನೆಯ ಅಂಶ, ಇದು ತುರ್ತು. ಇಂದು ಬೆಳಿಗ್ಗೆ ಮಾಸ್ಟರ್ ಅವರ ಶೆಡ್ಡಿನ ಗೇಟಿನ ಬಳಿ ಕಾಲರ್ ಅಕ್ಕ ಸಿಕ್ಕಿದ್ದರು. ಹದಿನಾಲ್ಕನೆಯ ಯಂತ್ರದಲ್ಲಿ ಕೂತು ದಿನವಿಡೀ ಅಂಗಿಯ ಕಾಲರ್ ಮಾತ್ರ ಹೊಲಿಯುವವರು. “ನಿಮ್ಮಪ್ಪ ಸೋಮವಾರ ಬರ್ತಾರಲ್ವಾ?” ಎಂದರು. ನಾನು ಉತ್ತರ ಕೊಡುವ ಮೊದಲೇ, “ಬರ್ಲಿ ಮಾರಾಯ್ತಿ. ನನ್ ಮಶೀನು ನಡುನಡುವೆ ಹೊಲಿಗೆ ಬಿಡ್ತಿದೆ. ಮಾಸ್ಟರ್ ‘ಮಶೀನು ಸರಿಯಾಗಿದೆ, ನಿನ್ ಕೈ ಓಡ್ತಿಲ್ಲ, ವಯಸ್ಸಾಯ್ತು’ ಅಂತಾರೆ. ಇನ್ನೆರಡು ದಿನ ನೋಡಿ ಗುಂಡಿ ಹಚ್ಚೋ ಕಡೆಗೆ ಹಾಕ್ತಾರಂತೆ. ನನ್ ಕೈಗೆ ಏನೂ ಆಗಿಲ್ಲ ಕಣೇ. ನಂಗೊತ್ತು,” ಎಂದರು.

ನಾನು ನನ್ನ ಪುಟದ ವಿಳಾಸವನ್ನು ಅವರ ಫೋನಿಗೆ ಕಳಿಸಿದೆ. ಚೌಕ ಬಂತಂತೆ, ಓದದೆಯೇ ‘ಅನುಮತಿಸಿ’ ಒತ್ತಿದರಂತೆ. ಹದಿನಾಲ್ಕನ್ನು ಎರಡು ನಿಮಿಷ ಓಡಿಸಿ, ಬಂದ ಚಿತ್ರವನ್ನು ಕಳಿಸಿದ್ದಾರೆ. ಹೋಲಿಕೆಗಾಗಿ ಪಕ್ಕದ ಹದಿಮೂರನೆಯದರ ಚಿತ್ರವನ್ನೂ ಕಳಿಸಿದ್ದಾರೆ. ಎರಡನ್ನೂ ಬೆಳಗಿನಿಂದ ನೋಡುತ್ತಿದ್ದೇನೆ. ಹದಿನಾಲ್ಕರ ಮೇಲಂಚಿನಲ್ಲಿ ಕೂದಲೆಳೆಯಂಥ ಗೀರುಗಳಿವೆ. ಹದಿಮೂರರಲ್ಲೂ ಇವೆ, ಆದರೆ ಅದು ಚೆನ್ನಾಗಿ ಹೊಲಿಯುತ್ತಿದೆ. ಗೀರು ಹುಕ್ಕಿನದೋ, ಸ್ಪ್ರಿಂಗಿನದೋ, ಸೂಜಿಯದೋ ನನಗೆ ತಿಳಿಯದು. ಪುಟಕ್ಕೂ ತಿಳಿಯದು. ಅದು ಬಂದ ಸದ್ದನ್ನೆಲ್ಲ ಬರೆದಿಡುವ ಗುಮಾಸ್ತ ಅಷ್ಟೇ. ಓದಬಲ್ಲ ಅಧಿಕಾರಿ ಈ ಬೀದಿಯಲ್ಲಿ ಒಬ್ಬರೇ ಇದ್ದಾರೆ, ಅವರು ರಾಜೀನಾಮೆಯ ಮಾತಾಡುತ್ತಿದ್ದಾರೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಮತ್ತು ಬರೆಯಲು ಸಂಕೋಚವಾಗುವ ಇನ್ನೆರಡು ಕಾರಣಗಳಿಂದ, ಮಾನ್ಯರಲ್ಲಿ ವಿನಂತಿಸುವುದೇನೆಂದರೆ:

(ಅ) ಆ ಚೌಕ ಮತ್ತೆ ಬರುವಂತೆ ಮಾಡಲು ನನಗೆ ಅಪ್ಪಣೆ ಕೊಡಬೇಕು. ಒತ್ತುವ ಬೆರಳು ತಮ್ಮದೇ ಆಗಿರಲಿ. ಆ ಹೊತ್ತಿಗೆ ಬಾಗಿಲು ಮುಂದೆ ಮಾಡಿರುತ್ತೇನೆ. ಪರದೆ ಮೇಡಂ ಬಂದರೆ ಹೊರಗೇ ಮಾತಾಡಿಸುತ್ತೇನೆ.

(ಆ) ಸೋಮವಾರ ಒಂಬತ್ತಕ್ಕೆ ಶೆಡ್ಡಿಗೆ ಹೊರಡಬೇಕು. ಲ್ಯಾಪ್‌ಟಾಪನ್ನು ನಾನು ಹಿಡಿಯುತ್ತೇನೆ, ಪರದೆ ತಮ್ಮ ಕಡೆಗೇ ಇರುತ್ತದೆ. ಮಾಸ್ಟರ್ “ಇದೇನು” ಎಂದು ಕೇಳಿದರೆ ಉತ್ತರ ತಮಗೆ ಬಿಟ್ಟದ್ದು. ಇದ್ದದ್ದನ್ನೇ ಹೇಳಿಬಿಡಿ ಎಂಬುದು ನನ್ನ ಸಲಹೆ. ನಗುವವರು ಕಳೆದ ತಿಂಗಳೇ ನಕ್ಕು ಮುಗಿಸಿದ್ದಾರೆ.

(ಇ) ಬೆಂಚನ್ನು ಯಾರಿಗೂ ವಿಚಾರಿಸಬಾರದೆಂದು ಅಮ್ಮನಿಗೆ ತಾವೇ ಹೇಳಬೇಕು. ಚೀಟಿಯಲ್ಲಿ ಬೇಡ, ಎದುರು ಕೂತು.

(ಈ) ಮಂಗಳವಾರ ಕಿವಿ ಡಾಕ್ಟರಲ್ಲಿ ಸಮಯ ತೆಗೆದುಕೊಂಡಿದ್ದೇನೆ. ಇದು ವಿನಂತಿ ಅಲ್ಲ, ಮಾಹಿತಿ. ಅತ್ತೆಯೂ ಬರುತ್ತಾರೆ, ಆದ್ದರಿಂದ ಬರುವುದಿಲ್ಲ ಎಂದು ವಾದಿಸುವುದು ಕಷ್ಟವಾಗಬಹುದು.

ಕೋಪದಲ್ಲಿದ್ದಾಗಲೂ ತಮ್ಮ ವಿಶ್ವಾಸಿ,
ಕಿರಿಯ ಮಗಳು

ಲಗತ್ತುಗಳು:
1. ಹದಿಮೂರನೆಯ ಯಂತ್ರದ ಸದ್ದಿನ ಚಿತ್ರ, ಮುದ್ರಿಸಿದ್ದು.
2. ಹದಿನಾಲ್ಕನೆಯ ಯಂತ್ರದ ಸದ್ದಿನ ಚಿತ್ರ, ಮುದ್ರಿಸಿದ್ದು.
3. ಪೆನ್ಸಿಲ್, ಒಂದು.

ವಿಶೇಷ ಸೂಚನೆ: ಕಾಲರ್ ಅಕ್ಕನ ಬಿಡುವು ನಾಲ್ಕು ಗಂಟೆಗೆ. ತಪ್ಪು ಯಂತ್ರದ್ದೋ ತನ್ನ ಕೈಯದೋ ಎಂದು ಕೇಳಲು ಆಗ ಫೋನ್ ಮಾಡುತ್ತಾರೆ. ಅಷ್ಟರೊಳಗೆ ಲಗತ್ತು 2ರಲ್ಲಿ ತಪ್ಪಿರುವ ಜಾಗಕ್ಕೆ ಒಂದು ಸುತ್ತು ಹಾಕಿ ಕೊಡಬೇಕಾಗಿ ಪ್ರಾರ್ಥನೆ. ನಾನು ಮೂರು ಕಡೆ ಸುತ್ತು ಹಾಕಿ, ಖಾತ್ರಿಯಾಗದೆ ಮೂರನ್ನೂ ಅಳಿಸಿದ್ದೇನೆ. ಅಳಿಸಿದ ಕಡೆ ಕಾಗದ ತೆಳ್ಳಗಾಗಿದೆ. ಮೆಲ್ಲಗೆ ಒತ್ತಬೇಕು.